ನೆಟ್ಟಗೆ ನಡೆದ ದಿನ

ನಾವು ಓದುವ ಕಾಲಕ್ಕೆ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು. ಅಂಗವಿಕಲರ ಕಾನೂನಿನಲ್ಲಿ ಸೌಲಭ್ಯ ಸಿಗಲು 40 ಬೇಕು. ನನ್ನ ಬಲಗಾಲಿಗೆ ಮೊದಲ ಸಲ ಸಿಕ್ಕಿದ್ದು 38. ಎರಡೇ ಅಂಕದಲ್ಲಿ ಫೇಲು. ತಮಾಷೆಯೆಂದರೆ, ಹೀಗೆ ಫೇಲಾಗುವುದಕ್ಕೆಂದೇ ನಾನು ವಾರಗಟ್ಟಲೆ ಬೀರುವಿನ ಕನ್ನಡಿ ಮುಂದೆ ತಯಾರಿ ನಡೆಸಿದ್ದೆ.

ಅಪಘಾತದ ಕತೆ ಚಿಕ್ಕದು. ಆಷಾಢದ ಮಳೆ, ಸಂಜೆ ಹೊತ್ತು, ಮಂಗಳೂರಿನಿಂದ ಒಬ್ಬನೇ ಬರುತ್ತಿದ್ದೆ. ಶಿರಾಡಿ ಘಾಟಿ ಹತ್ತಿ, ಮಾರನಹಳ್ಳಿ ದಾಟಿ, ಇನ್ನೇನು ದೋಣಿಗಾಲ್ ಬಂತು, ಮನೆ ಬಂದ ಹಾಗೇ ಎಂದುಕೊಂಡ ತಿರುವಿನಲ್ಲಿ ಕಾರು ಜಾರಿ ದರೆಗೆ ಗುದ್ದಿತು. ಎದುರಿಗೆ ಲಾರಿ ಇರಲಿಲ್ಲ, ಆನೆ ಇರಲಿಲ್ಲ, ಅಡ್ಡ ಬಂದ ಹಸುವೂ ಇರಲಿಲ್ಲ. ಬೈಯುವುದಕ್ಕೆ ಯಾರೂ ಇಲ್ಲದ ಅಪಘಾತ. ಬ್ರೇಕಿನ ಮೇಲೆ ಕಾಲು ಬಿಗಿದು ಕೂತವನ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದರೆ ಪೆಟ್ಟು ಮಂಡಿಯಲ್ಲೇ ನಿಲ್ಲುವುದಿಲ್ಲವಂತೆ. ತೊಡೆಮೂಳೆಯ ಉದ್ದಕ್ಕೂ ಹೋಗಿ ಸೊಂಟದ ಕೀಲನ್ನು ಹಿಂದಕ್ಕೆ ತಪ್ಪಿಸುತ್ತದೆ. ಆ ಕೀಲಿನ ಬೆನ್ನಿಗೇ ಸಯಾಟಿಕ್ ನರ ಇರುವುದು. ತಪ್ಪಿದ ಕೀಲನ್ನು ಆರು ಗಂಟೆಯೊಳಗೆ ಕೂರಿಸಬೇಕು, ತಡವಾದರೆ ಮೂಳೆಯ ತಲೆಗೆ ರಕ್ತ ಸಿಗದೆ ಕೊಳೆಯುವ ಅಪಾಯ. ನನ್ನದು ಕೂತಿತು, ಏಕೆಂದರೆ ಹಿಂದೆ ಬಂದ ಲಾರಿಯ ಡ್ರೈವರೊಬ್ಬ ಪೊಲೀಸು, ಸಾಕ್ಷಿ ಎಂದು ಯೋಚಿಸದೆ ನನ್ನನ್ನು ಎಳೆದು ಹಾಕಿಕೊಂಡು ಹೋದ. ಗಾಯಾಳುವನ್ನು ಸಾಗಿಸಿದವರನ್ನು ಪೀಡಿಸಬಾರದೆಂದು ಕರ್ನಾಟಕದ ವಿಧಾನಮಂಡಲ 2016ರಲ್ಲೇ ಮಸೂದೆ ಒಪ್ಪಿತ್ತು. ಆತನಿಗೆ ಅದು ಗೊತ್ತಿತ್ತೋ ಇಲ್ಲವೋ, ಹೆಸರು ಕೇಳುವಷ್ಟು ಎಚ್ಚರ ನನಗಿರಲಿಲ್ಲ.

ಮೂಳೆ ಕೂಡಿತು, ನರ ಕೂಡಲಿಲ್ಲ. ಪಾದ ಜೋತುಬಿತ್ತು. ಡಾಕ್ಟರುಗಳು ಫುಟ್ ಡ್ರಾಪ್ ಅನ್ನುತ್ತಾರೆ. ಈ ಕಾಯಿಲೆಯ ವಿಚಿತ್ರವೆಂದರೆ ಪಾದವನ್ನು ಕೆಳಗೆ ಒತ್ತಲು ಬರುತ್ತದೆ, ಮೇಲೆ ಎತ್ತಲು ಬರುವುದಿಲ್ಲ. ಹೊಸಿಲು, ಚಾಪೆಯ ಅಂಚು, ಬಿದ್ದ ಕಡ್ಡಿ, ಎಲ್ಲಕ್ಕೂ ಹೆಬ್ಬೆರಳು ಎಡವುತ್ತದೆ. ಎಡವಬಾರದೆಂದರೆ ಮಂಡಿಯನ್ನು ಎತ್ತೆತ್ತಿ ಇಡಬೇಕು, ಗದ್ದೆಯ ಕೊಕ್ಕರೆ ನಡೆದ ಹಾಗೆ.

ನೋಡಲು ಬಂದ ನೆಂಟರೆಲ್ಲ ನಮ್ಮ ಜಿಲ್ಲೆಯ ಗಿರೀಶನ ಹೆಸರು ಹೇಳಿಯೇ ಕಾಫಿ ಕುಡಿಯುತ್ತಿದ್ದರು. ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದವರು. ಹಾಸನದವರಿಗೆಲ್ಲ ಹೆಮ್ಮೆ, ನನಗೂ ಹೆಮ್ಮೆಯೇ. ಆದರೆ ಅವರು ಹಾರಿದ್ದು 1.74 ಮೀಟರ್. ನನಗೆ ಆಗ ಬಚ್ಚಲುಮನೆಯ ಹೊಸಿಲು ದಾಟುವುದೇ ಒಂದು ಪದಕದಷ್ಟು ಕಷ್ಟ. ಮಂಚದ ಮೇಲೆ ಮಲಗಿದವನಿಗೆ ಸಾಧಕರ ಕತೆ ಹೇಳುವುದು ಒಂಥರಾ ಹಿಂಸೆ, ಹೇಳುವವರಿಗೆ ಅದು ಗೊತ್ತಾಗುವುದಿಲ್ಲ.

ನನ್ನನ್ನು ನಿಜವಾಗಿ ಕೆಡಿಸಿದ್ದು ಮಾತ್ರ ಒಂದು ಒಳ್ಳೆಯ ಸುದ್ದಿ. ನರ ಪೂರ್ತಿ ತುಂಡಾಗಿಲ್ಲ, ಬೆಳೆಯಬಹುದು, ದಿನಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಎಂದರು ಡಾಕ್ಟರು. ಮುಂದಿನ ವಾಕ್ಯವನ್ನೂ ಅವರು ಹೇಳಿದ್ದರು. ನರ ಬರುವುದು ತೀರಾ ತಡವಾದರೆ ಸ್ನಾಯು ಕಾಯುವುದಿಲ್ಲ, ಒಂದೂವರೆ ವರ್ಷದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು. ಆ ಎರಡನೆಯದು ನನ್ನ ಕಿವಿಗೆ ಬೀಳಲಿಲ್ಲ. ಮನೆಗೆ ಬಂದವನೇ ಹೊಲಿಗೆ ಟೇಪು ತರಿಸಿ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಅಳೆದೆ. ಕಾಫಿ ಬೆಳೆಯುವವನಿಗೆ ಕಾಯುವ ಲೆಕ್ಕ ಹೊಸದಲ್ಲವಲ್ಲ. ಹೂಮಳೆ ಬಿದ್ದು ಹೂವಾದರೆ ಅರೇಬಿಕಾ ಕುಯ್ಲಿಗೆ ಎಂಟೊಂಬತ್ತು ತಿಂಗಳು, ರೋಬಸ್ಟಾಕ್ಕೆ ಇನ್ನೂ ಒಂದೆರಡು ಹೆಚ್ಚು. ಬರುವ ಹೂಮಳೆಗೆ ನರ ಅರ್ಧ ತೊಡೆ ದಾಟುತ್ತದೆ, ಕುಯ್ಲು ಮುಗಿಯುವುದರೊಳಗೆ ಪಾದ ಎದ್ದೇ ಏಳುತ್ತದೆ ಎಂದು ತೀರ್ಮಾನ ಮಾಡಿಬಿಟ್ಟೆ.

ಹಾಗೆ ತೀರ್ಮಾನವಾದ ಮೇಲೆ ಯಾವುದಕ್ಕೂ ಹೊಂದಿಕೊಳ್ಳುವ ಅಗತ್ಯವೇ ಇರಲಿಲ್ಲ. ಪಾದ ಎತ್ತಿಹಿಡಿಯುವ ಪ್ಲಾಸ್ಟಿಕ್ ಸ್ಪ್ಲಿಂಟು ಕೊಟ್ಟಿದ್ದರು, ಅಟ್ಟಕ್ಕೆ ಹೋಯಿತು. ವಾಕಿಂಗ್ ಸ್ಟಿಕ್ಕು ಛತ್ರಿಗಳ ಜೊತೆ ಮೂಲೆ ಸೇರಿತು. ತೋಟದ ದಾರಿ ಸ್ವಲ್ಪ ಸರಿ ಮಾಡಿಸೋಣ ಎಂದರೆ, ‘ಯಾಕೆ, ಇನ್ನೊಂದು ವರ್ಷಕ್ಕೆ ನಾನೇ ಓಡಾಡ್ತೀನಲ್ಲ’ ಎಂದೆ. ಜೀಪು ಬಿಡಬೇಡಿ ಎಂದು ಮನೆಯವಳು ಕೈಮುಗಿದಳು. ಮಧ್ಯಾಹ್ನ ಅವಳು ಮಲಗಿದ್ದಾಗ ಕೀ ತೆಗೆದುಕೊಂಡು ಹೋದೆ. ಒತ್ತಲು ಬರುವ, ಎತ್ತಲು ಬಾರದ ಕಾಲು ಆಕ್ಸಿಲರೇಟರ್ ಮೇಲೆ ಕೂತರೆ ಏನಾಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ಕೈಯಲ್ಲಿ ತೊಡೆ ಹಿಡಿದು ಕಾಲು ಎತ್ತುವಷ್ಟರಲ್ಲಿ ಜೀಪು ಕಣ ದಾಟಿ ತಿಪ್ಪೆಗೆ ನುಗ್ಗಿ ನಿಂತಿತ್ತು. ತಿಪ್ಪೆ ಇದ್ದದ್ದೇ ಪುಣ್ಯ, ಅದರಾಚೆ ಕೆರೆ. ಕ್ಲಚ್ ಪ್ಲೇಟು ಹೋಗಿದೆ ಎಂದು ಎಲ್ಲರಿಗೂ ಹೇಳಿದೆ.

ಹೀಗೆ ಒಂದು ಕುಯ್ಲು ಮುಗಿದು ಮತ್ತೊಂದು ಹೂಮಳೆ ಬಂತು, ಪಾದ ಏಳಲಿಲ್ಲ. ಮನೆಯವಳು ಸರ್ಟಿಫಿಕೇಟಿನ ಮಾತು ತೆಗೆದದ್ದು ಆಗ. 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, 40 ಬಂದರೆ ಬಸ್ ಪಾಸು, ತೆರಿಗೆ ರಿಯಾಯಿತಿ ಏನೇನೋ ಇವೆ, ಮೊಬೈಲಿನಲ್ಲೇ ಅರ್ಜಿ ಹಾಕಬಹುದು ಎಂದು ಅವಳೇ ಓದಿ ಹೇಳಿದಳು, ಅವಳೇ ಅರ್ಜಿ ಹಾಕಿದಳು. ವಿಮೆಯವರ ಹತ್ತಿರ ಆಗಲೇ ಕೇಳಿಯಾಗಿತ್ತು. ವಾಹನದ ಮಾಲೀಕ ತಾನೇ ಓಡಿಸುವಾಗಿನ ಅಪಘಾತಕ್ಕೆ 15 ಲಕ್ಷದ ರಕ್ಷಣೆ ಇದೆ, ಆದರೆ ಅದು ಸತ್ತರೆ, ಕಣ್ಣೋ ಕೈಕಾಲೋ ಹೋದರೆ, ಇಲ್ಲವೇ ಪೂರ್ತಿ ಏಳಲಾಗದೆ ಬಿದ್ದರೆ ಮಾತ್ರ. ‘ಕಾಲು ಇದೆಯಲ್ಲ ಸಾರ್’ ಎಂದಿದ್ದ ಏಜೆಂಟು, ಇದ್ದದ್ದೇ ತಪ್ಪು ಎನ್ನುವ ಹಾಗೆ.

ಹಾಸನದ ದೊಡ್ಡಾಸ್ಪತ್ರೆಗೆ ಬರಹೇಳಿದ ದಿನ ಗೊತ್ತಾದ ಮೇಲೆ ನನಗೆ ಒಂದೇ ಚಿಂತೆ. ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ಎಂದಲ್ಲ, ಅಷ್ಟು ಜನರ ಮುಂದೆ ಕೊಕ್ಕರೆ ನಡಿಗೆ ನಡೆಯುವುದು ಹೇಗೆ ಎಂದು. ಕೋಣೆ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಎಡಗಾಲ ತುದಿಯಲ್ಲಿ ಕೊಂಚ ಎದ್ದು, ಬಲ ಸೊಂಟವನ್ನು ಒಳಗೊಳಗೇ ಮೇಲಕ್ಕೆಳೆದು, ಹೆಜ್ಜೆ ಚಿಕ್ಕದಾಗಿಟ್ಟರೆ ಇಪ್ಪತ್ತು ಹೆಜ್ಜೆ ಮಟ್ಟಿಗೆ ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಸೊಂಟ ಹಿಡಿದುಕೊಳ್ಳುತ್ತದೆ, ಅದು ಬೇರೆ ಮಾತು. ಮನೆಯವಳು ಜೊತೆಗೆ ಬರುತ್ತೇನೆಂದಳು. ಬೇಡವೆಂದು ಸ್ನೇಹಿತನ ಕಾರಿನಲ್ಲಿ ಹೋಗಿ ಇಳಿದೆ.

ಅಲ್ಲಿನ ಬೆಂಚಿನ ಮೇಲೆ ನಮ್ಮ ತೋಟದ ದೊಡ್ಡಮ್ಮ ಕೂತಿದ್ದಳು. ಅಪ್ಪನ ಕಾಲದಿಂದ ಕುಯ್ಲಿಗೆ ಬರುವ ಹೆಂಗಸು, ಆಳುಗಳೆಲ್ಲ ದೊಡ್ಡಮ್ಮ ಎಂದೇ ಕರೆಯುತ್ತಾರೆ. ಕಿವಿ ಕೇಳದ ಮೊಮ್ಮಗನನ್ನು ತೋರಿಸಲು ಆಲೂರು ಕಡೆಯಿಂದ ಬಂದಿದ್ದಳು. ‘ಇದೇನ್ ಗೌಡ್ರೇ ನೀವಿಲ್ಲಿ’ ಎಂದಳು. ‘ಏನಿಲ್ಲ, ಸಹಿ ಒಂದು ಬೇಕಿತ್ತು’ ಎಂದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಬಾಗಿಲಿಗಿದ್ದದ್ದು ಅರ್ಧ ಪರದೆ ಮಾತ್ರ, ಬೆಂಚಿನಿಂದ ಒಳಗಿನದೆಲ್ಲ ಕಾಣುತ್ತಿತ್ತು.

‘ಯಜಮಾನ್ರೇ, ಆ ಗೋಡೆವರೆಗೆ ನಡೆದು ಬನ್ನಿ.’ ನಡೆದೆ. ಇಷ್ಟು ಚೆನ್ನಾಗಿ ಅಭ್ಯಾಸದಲ್ಲೂ ನಡೆದಿರಲಿಲ್ಲ. ಮೆಟ್ಟಿಲು ಹತ್ತಿಸಿದರು, ತಿರುಗಿಸಿದರು, ಒಂಟಿಕಾಲಲ್ಲಿ ನಿಲ್ಲಿಸಿದರು. ಕಾಲಿನ ವೈಕಲ್ಯ ಅಳೆಯುವುದಕ್ಕೆ ಇಂಥವೆಲ್ಲ ಪಟ್ಟಿಯಲ್ಲೇ ಇವೆ: ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಕುಕ್ಕರಗಾಲಲ್ಲಿ ಕೂರುವುದು, ಮಂಡಿಯೂರುವುದು. ಯಾವುದು ಆಗುವುದಿಲ್ಲವೋ ಅದಕ್ಕೆ ಅಂಕ. ‘ಚಕ್ಕಳಮಕ್ಕಳ ಹಾಕಿ ಕೂರಕ್ಕಾಗುತ್ತಾ?’ ಎಂದು ಕೇಳಿದರು. ಇಲ್ಲ ಎನ್ನಬೇಕಿತ್ತು. ಮನೆಯಲ್ಲಿ ಊಟಕ್ಕೆ ಕೆಳಗೆ ಕೂತು ಎಷ್ಟೋ ಕಾಲವಾಗಿತ್ತು. ಪರದೆಯಾಚೆ ದೊಡ್ಡಮ್ಮನ ಸೀರೆಯ ಅಂಚು ಕಾಣುತ್ತಿತ್ತು. ‘ಓಹೋ’ ಎಂದು ಕೂತೇಬಿಟ್ಟೆ. ಸೊಂಟದಲ್ಲಿ ಏನೋ ಕಳಕ್ ಎಂದಿತು, ಕಣ್ಣಲ್ಲಿ ನೀರು ಬಂತು, ಮುಖದಲ್ಲಿ ನಗು ಇಟ್ಟುಕೊಂಡಿದ್ದೆ. ಏಳಲಾಗಲಿಲ್ಲ. ಜೇಬಿನ ಪೆನ್ನು ಬೀಳಿಸಿ, ಅದನ್ನು ಹುಡುಕುವವನಂತೆ ತೆವಳಿ, ಮೇಜಿನ ಕಾಲು ಹಿಡಿದು ಎದ್ದೆ. ‘ಪರವಾಗಿಲ್ಲ, ಚೆನ್ನಾಗೇ ನಿಭಾಯಿಸ್ತೀರಲ್ಲ’ ಎಂದರು ಡಾಕ್ಟರು. ಹೊಗಳಿಕೆ ಎಂದುಕೊಂಡೆ. ಕೊನೆಗೆ ಮಂಚದ ಮೇಲೆ ಮಲಗಿಸಿ ಪಾದ ಎತ್ತಿ ಎಂದರು. ಅದೊಂದನ್ನು ನಟಿಸಲು ಬರಲಿಲ್ಲ. ಬಂದ 38ರಲ್ಲಿ ಬಹುಪಾಲು ಅದರದ್ದೇ ಇರಬೇಕು.

ಸ್ನೇಹಿತ ಯಾವುದೋ ಕೆಲಸಕ್ಕೆಂದು ಹೋದವನು ಬರಲಿಲ್ಲ. ಸಕಲೇಶಪುರದ ಬಸ್ಸು ಹತ್ತಿದರೆ ದೊಡ್ಡಮ್ಮನೂ ಮೊಮ್ಮಗನೂ ಅದರಲ್ಲೇ. ಆಲೂರು ತನಕ ಪಕ್ಕದಲ್ಲೇ ಕೂರಬೇಕಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು. ‘ಅಲ್ಲ ಗೌಡ್ರೇ, ಒಳಗೆ ಯಾಕಂಗೆ ನಡೆದ್ರಿ? ತ್ವಾಟದಲ್ಲಿ ಅಂಗೆ ನಡಿಯಾಕಿಲ್ವಲ್ಲ ನೀವು.’

ಏನು ಹೇಳಲಿ? ಬಿಸಿಲಿಗೆ ಕಿಟಕಿಯ ಶಟರ್ ಎಳೆದೆ. ಅವಳು ಬಿಡಲಿಲ್ಲ. ತೋಟದಲ್ಲಿ ಬೆಳಗಿನ ಮೊದಲ ಕೆಲಸವೇ ನಾನು ಬರುವ ಕಾಲುದಾರಿಯ ಎಲೆ ಗುಡಿಸುವುದಂತೆ. ಮಳೆ ಬಿದ್ದ ಮೇಲೆ ಸಿಲ್ವರ್ ಓಕ್ ಎಲೆ ಜಾರುತ್ತದೆಂದು ಮೇಸ್ತ್ರಿ ಹೇಳಿದ್ದಾನಂತೆ. ಈ ಸಲ ದಾರಿ ಎಷ್ಟು ಚೊಕ್ಕಟವಾಗಿದೆ ಎಂದು ನಾನು ಗಾಳಿಯನ್ನು ಹೊಗಳಿದ್ದೆ. ಮೇಸ್ತ್ರಿ ನನ್ನ ಮುಂದೆ ಹೋಗುವಾಗ ಹತ್ತು ಗಿಡಕ್ಕೊಮ್ಮೆ ನಿಂತು ಅರೇಬಿಕಾದ ಬುಡ ತಡವಿ ಬೋರರ್ ಹುಳು ಇದೆಯಾ ಎಂದು ನೋಡುತ್ತಿದ್ದ. ಕಾಂಡಕೊರಕದ ಬಗ್ಗೆ ಇವನಿಗೆಷ್ಟು ಕಾಳಜಿ ಎಂದು ಮೆಚ್ಚಿ ಸಂಬಳ ಬೇರೆ ಏರಿಸಿದ್ದೆ. ‘ನೀವು ಹಿಂದ್ಲಿಂದ ಬಂದು ಸೇರ್ಕಳ್ಳಿ ಅಂತ ನಿಲ್ತಿದ್ದ ಕಣ್ ಗೌಡ್ರೇ’ ಎಂದಳು ದೊಡ್ಡಮ್ಮ. ಜೀಪಿನ ಕ್ಲಚ್ ಪ್ಲೇಟಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆನೆಯ ಸಂಗತಿ ಕೇಳಿದ ಮೇಲಂತೂ ನಾನು ತಲೆಯೆತ್ತಲಿಲ್ಲ. ಆಲೂರು–ಸಕಲೇಶಪುರದಲ್ಲಿ ಆನೆ ಎಂದರೆ ದೂರದ ಕಾಡಿನ ಮಾತಲ್ಲ. 2014ರಲ್ಲಿ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು, ಆದರೂ ತೋಟಗಳಲ್ಲಿ ಆನೆ ತಪ್ಪಲಿಲ್ಲ. ಹಗಲೆಲ್ಲ ಕಾಫಿ ಗಿಡದ ನೆರಳಲ್ಲೇ ನಿಂತಿರುತ್ತವೆ. ದಸರಾ ಅಂಬಾರಿ ಹೊತ್ತ ಅರ್ಜುನನಂಥ ಅರ್ಜುನನೇ 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯಲು ಹೋಗಿ ಅದರ ಕೊಂಬಿಗೆ ಬಲಿಯಾದ. ಇಂಥ ಕಡೆ ಓಡಲಾರದವನು ತೋಟಕ್ಕೆ ಹೋಗುವುದೆಂದರೇನು ಎಂದು ನಾನು ರಾತ್ರಿ ಎದ್ದು ಕೂತು ಯೋಚಿಸಿದ್ದುಂಟು, ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಲೈನ್ ಮನೆಯಲ್ಲಿ ಆಳುಗಳು ಕೂತು ಮಾತಾಡಿ ತೀರ್ಮಾನ ಮಾಡಿದ್ದರು. ಆನೆ ಬಂದರೆ ನನ್ನನ್ನು ಎತ್ತಿಕೊಂಡು ಓಡಲು ಇಬ್ಬರು ಹುಡುಗರು ಗೊತ್ತಾಗಿದ್ದರು. ಅದರಲ್ಲೊಬ್ಬ ಕೆಲಸ ಬಿಟ್ಟು ಯಾವಾಗಲೂ ನನ್ನ ಸುತ್ತಲೇ ಸುಳಿಯುತ್ತಾನೆ, ಕಳ್ಳಬಿದ್ದಿದ್ದಾನೆ ಎಂದು ಎಲ್ಲರ ಮುಂದೆ ಬೈದು ಅರ್ಧ ದಿನದ ಸಂಬಳ ಹಿಡಿದಿದ್ದೆ.

ಆಲೂರಿನಲ್ಲಿ ಇಳಿಯುವಾಗ ದೊಡ್ಡಮ್ಮ ಮೊಮ್ಮಗನ ಕೈಯಲ್ಲಿ ನನಗೆ ನಮಸ್ಕಾರ ಮಾಡಿಸಿದಳು. ಆ ಹುಡುಗನಿಗೆ ಎಷ್ಟು ಬಂತು ಎಂದು ಕೇಳುವಷ್ಟು ಬುದ್ಧಿಯೂ ನನಗೆ ಹೊಳೆದಿರಲಿಲ್ಲ. ಅವಳೇ ಹೇಳಿದಳು, ಆಯ್ತಂತೆ, ಶ್ರವಣಯಂತ್ರ ಕೊಡುತ್ತಾರಂತೆ.

ನಾಚಿಕೆಯಲ್ಲಿ ಹಲವು ಬಗೆ. ಗುಟ್ಟು ಬಯಲಾದ ನಾಚಿಕೆ ಒಂದು. ಗುಟ್ಟೇ ಇರಲಿಲ್ಲ, ನಾನೊಬ್ಬನೇ ಗುಟ್ಟು ಎಂದುಕೊಂಡು ಓಡಾಡುತ್ತಿದ್ದೆ ಎಂದು ತಿಳಿಯುವ ನಾಚಿಕೆ ಇನ್ನೊಂದು, ಅದು ಬೇಗ ಇಳಿಯುವುದಿಲ್ಲ. ನನ್ನ ಕಾಲಿಗೆ ನಾನು ಹೊಂದಿಕೊಳ್ಳುವ ಮೊದಲೇ ಇಡೀ ತೋಟ ಹೊಂದಿಕೊಂಡಿತ್ತು. ಅವರ ಕಷ್ಟ ಮಾತ್ರ ಎರಡು ಪಟ್ಟು. ನನಗೆ ಸಹಾಯವನ್ನೂ ಮಾಡಬೇಕು, ಮಾಡಿದ್ದು ನನಗೆ ಕಾಣದಂತೆಯೂ ನೋಡಿಕೊಳ್ಳಬೇಕು. ನಾನು ಬೈದ ಹುಡುಗ ಸಂಬಳ ಕಳೆದುಕೊಂಡದ್ದು ಎರಡನೆಯ ಕೆಲಸಕ್ಕೆ. ಅದನ್ನು ಹಿಂದಿರುಗಿಸಲು ಹೋದಾಗ, ‘ಇರ್ಲಿ ಬುಡಿ ಸಾರ್, ಆವತ್ತು ಸ್ವಲ್ಪ ಕಳ್ಳಬಿದ್ದಿದ್ದೆ ಕೂಡ’ ಎಂದ.

ವಕೀಲಿಕೆ ಮಾಡುವ ಭಾವನೊಬ್ಬನಿಗೆ ಈ ಅಂಕದ ಕತೆ ಹೇಳಿ ನಗಿಸುವಾಗ ಅವನೊಂದು ತೀರ್ಪಿನ ವಿಷಯ ತೆಗೆದ. ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣ, 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು, ಬರೆದವರು ನಮ್ಮ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಅಂಗಕ್ಕೆ ಎಷ್ಟು ಪರ್ಸೆಂಟ್ ಊನವಾಗಿದೆಯೋ ದುಡಿಮೆಗೂ ಅಷ್ಟೇ ಪರ್ಸೆಂಟ್ ಎಂದು ಲೆಕ್ಕ ಹಾಕಬಾರದು ಎನ್ನುತ್ತದೆ ಅದು. ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ಹೆಚ್ಚುಕಮ್ಮಿ ಬದುಕೇ ಹೋದ ಹಾಗೆ, ಗುಮಾಸ್ತನಿಗೆ ಹಾಗಲ್ಲ. ನನಗೆ ಪರಿಹಾರದ ಕೇಸೇ ಇರಲಿಲ್ಲ, ತಪ್ಪು ನನ್ನದೇ. ಆದರೂ ಆ ಮಾತಿನಿಂದ ಒಂದು ಉಪಕಾರವಾಯಿತು. ನನ್ನ ಕಾಲಿಗೆ ಎಷ್ಟು ಆಗುವುದಿಲ್ಲ ಎಂಬುದನ್ನು ಆಸ್ಪತ್ರೆಯ ಸಮತಟ್ಟು ನೆಲದಲ್ಲಲ್ಲ, ನಮ್ಮ ಬಾಳ್ಳುಪೇಟೆ ಕಡೆಯ ಗುಡ್ಡದ ಇಳಿಜಾರಿನಲ್ಲಿ ಅಳೆಯಬೇಕು, ಅಳತೆ ನಾನೇ ಹೇಳಬೇಕು.

ಹೇಳಿದೆ. ಮೇಸ್ತ್ರಿಯನ್ನು ಕೂರಿಸಿಕೊಂಡು, ಹತ್ತುವುದು ಪರವಾಗಿಲ್ಲ, ಇಳಿಯುವುದು ಕಷ್ಟ, ಬೆಳಿಗ್ಗೆ ಆಗುತ್ತದೆ, ಮಧ್ಯಾಹ್ನದ ಮೇಲೆ ಆಗುವುದಿಲ್ಲ ಎಂದೆಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಕಿವಿಯ ಬೀಡಿ ತೆಗೆದು, ‘ಸರಿ, ಹಂಗಾದ್ರೆ ದಾರಿ ಓರೆ ಕಡೀಬೇಕು’ ಎಂದ, ಅಷ್ಟೇ. ಅಪ್ಪನ ಕಾಲದಿಂದ ನೆಟ್ಟಗೆ ಕೆರೆಗೆ ಇಳಿಯುತ್ತಿದ್ದ ದಾರಿಯನ್ನು ಗುಡ್ಡದ ಮೈಗೆ ಅಡ್ಡಡ್ಡ ತಿರುಗಿಸಿ ಕಡಿದರು, ತಿರುವುಗಳಲ್ಲಿ ಹಿಡಿಯಲು ಜಿಐ ಪೈಪು ನೆಟ್ಟರು. ಮೂಟೆ ಹೊರುವವರೆಲ್ಲ ಈಗ ಅದರಲ್ಲೇ ಓಡಾಡುವುದು. ಇದನ್ನು ಮೊದಲೇ ಮಾಡಬೇಕಿತ್ತು, ನಮ್ಮ ಮಂಡಿಯೂ ಮಂಡಿಯೇ ಅಲ್ಲವಾ ಎಂದ ಮೇಸ್ತ್ರಿ. ನಲವತ್ತು ವರ್ಷ ಅವರು ಹಾಗೆ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಸ್ಪ್ಲಿಂಟು ಅಟ್ಟದಿಂದ ಇಳಿಯಿತು. ಅದರದ್ದೇ ಗೋಳುಗಳಿವೆ. ಸ್ಪ್ಲಿಂಟು ಹಾಕಿದ ಕಾಲಿಗೆ ಒಂದು ಸೈಜು ದೊಡ್ಡ ಬೂಟು ಬೇಕು, ಯಾವ ಅಂಗಡಿಯವನೂ ಜೋಡಿ ಒಡೆದು ಕೊಡುವುದಿಲ್ಲ, ಎರಡು ಜೊತೆ ಕೊಂಡು ಒಂದೊಂದು ಮೂಲೆಗೆ ಹಾಕಬೇಕು. ಪಾದದ ಮೇಲ್ಭಾಗಕ್ಕೆ ಸ್ಪರ್ಶವಿಲ್ಲ. ಮಳೆಗಾಲದಲ್ಲಿ ಜಿಗಣೆ ಪ್ಲಾಸ್ಟಿಕ್ಕಿನ ಸಂದಿಗೆ ಸೇರಿ ಹೊಟ್ಟೆ ತುಂಬಾ ಕುಡಿದು ಉದುರಿದರೂ ನನಗೆ ಗೊತ್ತಾಗುವುದು ಸಂಜೆ ಕಾಲುಚೀಲ ಕೆಂಪಾಗಿರುವುದನ್ನು ನೋಡಿದಾಗ. ಅದಕ್ಕೇ ದಿನಾ ಸಂಜೆ ಜಗಲಿಯಲ್ಲಿ ಕೂತು, ಟಾರ್ಚು ಹಿಡಿದು ಬೆರಳ ಸಂದಿ, ಹಿಮ್ಮಡಿ, ಬೊಬ್ಬೆ ಎದ್ದ ಜಾಗ ನೋಡಿಕೊಳ್ಳುವ ಕೆಲಸ. ಹಾಸ್ಯ ಮಾಡುತ್ತಿದ್ದ ಮಗಳು ಈಗ ಟಾರ್ಚು ಹಿಡಿಯುತ್ತಾಳೆ.

ಜೀಪು ಮಾರಿದೆ, ಅದೊಂದು ದುಃಖ, ಬರೆಯುವುದು ಬೇಡ. ಗೇರಿಲ್ಲದ ಕಾರಿಗೆ ಎಡಗಾಲಲ್ಲಿ ಒತ್ತುವ ಆಕ್ಸಿಲರೇಟರ್ ಹಾಕಿಸಿ ಆರ್‌ಟಿಓ ಕಚೇರಿಯಲ್ಲಿ ದಾಖಲು ಮಾಡಿಸಿ ಮತ್ತೆ ಓಡಿಸಲು ಕಲಿತೆ. ಕೆರೆಯಾಚೆಯ ಕಡಿದಾದ ತುಂಡನ್ನು ತಮ್ಮನಿಗೆ ವಾರಕ್ಕೆ ಬಿಟ್ಟೆ. ಮೆಣಸಿನ ಏಣಿಯ ಹತ್ತಿರ ಹೋಗುವುದಿಲ್ಲ. ಮರುವರ್ಷ ಅದೇ ದೊಡ್ಡಾಸ್ಪತ್ರೆಗೆ ಹೋಗಿ, ದಿನಾ ನಡೆಯುವ ಹಾಗೆ ನಡೆದೆ, ಚಕ್ಕಳಮಕ್ಕಳ ಆಗುವುದಿಲ್ಲ ಸಾರ್ ಎಂದೆ, ಬಸ್ ಪಾಸು ಬಂತು. ಮನೆಯವಳು ಈ ಸಲ ಜೊತೆಗಿದ್ದಳು.

ಇಷ್ಟಾದರೂ ನನಗೆ ಬುದ್ಧಿ ಬಂದಿದೆ ಎಂದು ಹೇಳಿದರೆ ಅವಳು ಒಪ್ಪುವುದಿಲ್ಲ, ಅದಕ್ಕೆ ಕಾರಣವೂ ಇದೆ. ಏಳದ ಪಾದಕ್ಕೆ ಒಂದು ಆಪರೇಷನ್ ಇದೆ. ಕಾಲಿನ ಹಿಂಭಾಗದಲ್ಲಿ ಚೆನ್ನಾಗಿರುವ ಒಂದು ಸ್ನಾಯುವಿನ ತುದಿ ಬಿಡಿಸಿ ಮುಂದಕ್ಕೆ ತಂದು ಹೊಲಿಯುತ್ತಾರೆ. ಪಾದವನ್ನು ಕೆಳಕ್ಕೂ ಒಳಕ್ಕೂ ಎಳೆಯುತ್ತಿದ್ದ ಅದೇ ಸ್ನಾಯು ಆಮೇಲೆ ಮೇಲಕ್ಕೆತ್ತುವುದನ್ನು ಕಲಿಯಬೇಕು. ಕುಷ್ಠದಿಂದ ಪಾದ ಜೋತುಬಿದ್ದವರಿಗೆ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಸ್ನಾಯುಗಳನ್ನು ಹೀಗೆ ಹೊಸ ಕೆಲಸಕ್ಕೆ ಹಚ್ಚುವ ವಿದ್ಯೆಯಲ್ಲಿ ವೆಲ್ಲೂರಿನ ಡಾಕ್ಟರ್ ಪಾಲ್ ಬ್ರ್ಯಾಂಡ್ ದೊಡ್ಡ ಹೆಸರು. ಆರು ವಾರ ಪ್ಲಾಸ್ಟರು, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಮನೆಯೊಳಗಾದರೂ ಸ್ಪ್ಲಿಂಟಿಲ್ಲದೆ ಓಡಾಡಬಹುದು ಎಂದಿದ್ದಾರೆ ಡಾಕ್ಟರು. ಕುಯ್ಲು ಮುಗಿಯಲಿ, ಮರಗಸಿಗೆ ಮೊದಲು ಮಾಡ್ಸೋಣ ಎಂದಿದ್ದೇನೆ.

‘ಹೋದ ವರ್ಷನೂ ಇದನ್ನೇ ಹೇಳಿದ್ರಿ’ ಎನ್ನುತ್ತಾಳೆ. ಹೋದ ವರ್ಷ ಕುಯ್ಲು ತಡವಾಗಿತ್ತು, ಮಳೆ ಬಿಡಲಿಲ್ಲ. ನಿಜವಾಗಿಯೂ ಬಿಡಲಿಲ್ಲ, ಬೇಕಾದರೆ ಮೇಸ್ತ್ರಿಯನ್ನು ಕೇಳಿ.